ಮಾಸ್ತರರು ಕಲಿಯುವ ಪಾಠ

52ರಿಂದ 27ನ್ನು ಕಳೆಯೆಂದು ಮೂರನೆಯ ತರಗತಿಯ ಹುಡುಗನಿಗೆ ಲೆಕ್ಕ ಕೊಟ್ಟಾಗ ಅವನು 35 ಎಂದು ಉತ್ತರ ಬರೆದು, ಯಾವ ಅಳುಕೂ ಇಲ್ಲದೆ ಪುಸ್ತಕವನ್ನು ತಂದು ಮೇಜಿನ ಮೇಲಿಡುವುದು ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಪ್ರತಿವರ್ಷವೂ ನಡೆಯತಕ್ಕ ಸಂಗತಿ. ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದ ಶಿಕ್ಷಕನು ಅದರ ಮೇಲೆ ಕೆಂಪು ಶಾಯಿಯ ಗೀಟೆಳೆದು, ಸರಿಯುತ್ತರವನ್ನು ಮಗ್ಗುಲಲ್ಲಿ ಬರೆದು, ಇಂಥವೇ ಹತ್ತು ಲೆಕ್ಕಗಳನ್ನು ಮನೆಯಲ್ಲಿ ಮಾಡಿಕೊಂಡು ಬರಬೇಕೆಂದು ವಿಧಿಸುತ್ತಾನೆ. ಹುಡುಗನು ಆ ಹತ್ತನ್ನೂ ಅದೇ ಕ್ರಮದಲ್ಲಿ ತಪ್ಪಾಗಿ ಮಾಡಿಕೊಂಡು ಮರುದಿನ ವಿಧೇಯನಾಗಿ ಬರುತ್ತಾನೆ. ಅದೇ ತರಗತಿಯಲ್ಲಿ ಇಪ್ಪತ್ತು ವರ್ಷ ಸವೆಸಿದ ಶಿಕ್ಷಕಿಯಾದರೋ ಪೆನ್ನನ್ನು ಕೆಳಗಿಟ್ಟು, “ಇದು ಹೇಗೆ ಬಂತು, ಹೇಳು ನೋಡುವ” ಎನ್ನುತ್ತಾಳೆ. “ಎರಡರಿಂದ ಏಳು ಹೋಗುವುದಿಲ್ಲ ಟೀಚರ್, ಅದಕ್ಕೆ ಏಳರಿಂದ ಎರಡು ತೆಗೆದದ್ದು” ಎಂದು ಹುಡುಗ ಹೇಳುತ್ತಾನೆ.

ಆ ಉತ್ತರವನ್ನು ಕೇಳಿದವರಿಗೆ ಹುಡುಗನು ದಡ್ಡನಲ್ಲವೆಂಬುದು ತತ್‌ಕ್ಷಣವೇ ತಿಳಿಯುತ್ತದೆ. ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನು ಕಳೆಯಬೇಕೆಂದು ಒಂದನೆಯ ತರಗತಿಯಲ್ಲಿ ಯಾರೋ ಅವಸರದಿಂದ ಹೇಳಿದ ನಿಯಮವನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಅವನ ತಪ್ಪಿಗೆ ಒಂದು ನ್ಯಾಯವಿದೆ, ಒಂದು ತರ್ಕವಿದೆ; ಆ ತರ್ಕವನ್ನು ಮುಟ್ಟದೆ ಮೇಲಿನಿಂದ ಎಷ್ಟು ಲೆಕ್ಕ ಮಾಡಿಸಿದರೂ ಅದು ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಕರಗುವುದಿಲ್ಲ. ಹಿರಿಯ ಶಿಕ್ಷಕಿ ಹಿಡಿಸೂಡಿಯ ಕಡ್ಡಿಗಳನ್ನು ಸಮನಾಗಿ ಮುರಿದು, ಹತ್ತು ಹತ್ತರ ಐದು ಕಟ್ಟುಗಳನ್ನೂ ಬಿಡಿಯಾದ ಎರಡು ಕಡ್ಡಿಗಳನ್ನೂ ಅವನ ಮುಂದಿಟ್ಟು, ಇಪ್ಪತ್ತೇಳನ್ನು ತೆಗೆದುಕೊಡು ಎನ್ನುತ್ತಾಳೆ. ಎರಡು ಕಟ್ಟು ಕೊಡುವುದು ಸುಲಭ. ಏಳು ಬಿಡಿ ಕಡ್ಡಿ ಕೊಡುವಾಗ ಕೈ ತಡೆಯುತ್ತದೆ. ಹುಡುಗನು ಒಂದು ಗಳಿಗೆ ಆಚೀಚೆ ನೋಡಿ, ಒಂದು ಕಟ್ಟಿನ ದಾರವನ್ನು ತಾನಾಗಿಯೇ ಬಿಚ್ಚುತ್ತಾನೆ. ದಶಕದಿಂದ ಕಡ ತೆಗೆಯುವುದೆಂಬ ಶಾಸ್ತ್ರಕ್ಕೆ ಅದಕ್ಕಿಂತ ಉತ್ತಮವಾದ ವ್ಯಾಖ್ಯಾನವಿಲ್ಲ.

ಮಗುವಿಗೆ ಪಾಠ ತಿಳಿಯಲಿಲ್ಲವೆಂದಾಗ ಅದರ ಕಾರಣವನ್ನು ಮಗುವಿನ ಬುದ್ಧಿಯಲ್ಲಿ, ಜಾತಿಯಲ್ಲಿ, ಮನೆತನದಲ್ಲಿ ಹುಡುಕುವ ಅಭ್ಯಾಸವನ್ನು ಬಿಟ್ಟು, ತಾನು ಕಲಿಸಿದ ಕ್ರಮದಲ್ಲಿಯೂ ತನ್ನ ಶಾಲೆಯ ವ್ಯವಸ್ಥೆಯಲ್ಲಿಯೂ ಹುಡುಕತೊಡಗುವುದೇ ಅಧ್ಯಾಪನವೃತ್ತಿಯಲ್ಲಿ ನುರಿತವರು ಕಲಿಯುವ ಮುಖ್ಯ ವಿದ್ಯೆಯೆಂಬುದು, ಮಂಗಳೂರಿನ ಹಿರಿಯ ಮಾಸ್ತರರೊಡನೆಯೂ ಟೀಚರಮ್ಮಂದಿರೊಡನೆಯೂ ಮಾತಿಗೆ ಕುಳಿತವರೆಲ್ಲರಿಗೂ ಒಂದಲ್ಲ ಒಂದು ಬಗೆಯಿಂದ ಮನವರಿಕೆಯಾಗುತ್ತದೆ. ಬಿ.ಎಡ್. ತರಗತಿಯ ಟಿಪ್ಪಣಿಗಳಲ್ಲಿ ಈ ಮಾತು ಇಲ್ಲವೆಂದಲ್ಲ. ಆದರೆ ಪರೀಕ್ಷೆಗೆ ಬರೆದ ಮಾತು ಬೇರೆ, ನಲವತ್ತು ಮಕ್ಕಳ ಗದ್ದಲದ ನಡುವೆ, ಹಂಚಿನ ಮಾಡಿನ ಮೇಲೆ ಜುಲೈ ತಿಂಗಳ ಮಳೆ ಹೊಡೆಯುತ್ತಿರುವಾಗ, ಕೈಗೆ ಬರುವ ಮಾತು ಬೇರೆ.

ಈ ವಿಷಯವನ್ನು ಮಂಗಳೂರಿನಲ್ಲಿ ಕುಳಿತು ಯೋಚಿಸುವುದಕ್ಕೆ ವಿಶೇಷವಾದ ಅವಕಾಶವುಂಟು. 1834ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿಗೆ ಬಂದಂದಿನಿಂದ ಈ ಊರು ಶಾಲೆಗಳನ್ನು ಕಟ್ಟುತ್ತಲೇ ಬಂದಿದೆ. ಕನ್ನಡದ ಮೊದಲ ಪತ್ರಿಕೆಯೆಂದು ಖ್ಯಾತವಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹೆರ್ಮನ್ ಮೋಗ್ಲಿಂಗರು ಶಾಲೆಯ ಉಸ್ತುವಾರಿಯನ್ನೂ ನೋಡಿಕೊಂಡವರು. ಇಟಲಿಯ ಜೆಸ್ವಿತರು 1880ರಲ್ಲಿ ಸಂತ ಅಲೋಶಿಯಸ್ ವಿದ್ಯಾಲಯವನ್ನು ತೆರೆದರು. ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನೂ ಮೂರೇ ವರ್ಷಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕವಾದ ಶಾಲೆಯನ್ನೂ ಆರಂಭಿಸಿದರು. ಅವರು ಕೆನರಾ ಬ್ಯಾಂಕಿಗೆ ತಳಹದಿ ಹಾಕಿದ್ದು ಆ ಬಳಿಕ, 1906ರಲ್ಲಿ. ಮೊದಲು ಶಾಲೆ, ಅನಂತರ ಬ್ಯಾಂಕು ಎಂಬ ಈ ಅನುಕ್ರಮವನ್ನು ಇಂದಿನ ಶಿಕ್ಷಣೋದ್ಯಮಿಗಳು ಗಮನಿಸಬಹುದು. 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ಬಂತು. ಇಷ್ಟೆಲ್ಲ ಶಾಲೆಗಳಿರುವ ಊರಿನಲ್ಲಿ ಒಳ್ಳೆಯ ಪಾಠಕ್ಕೂ ಒಳ್ಳೆಯ ಫಲಿತಾಂಶಕ್ಕೂ ಇರುವ ವ್ಯತ್ಯಾಸವನ್ನು ಕಾಣುವುದಕ್ಕೆ ಬೇಕಾದಷ್ಟು ಸಾಮಗ್ರಿ ಸಿಗುತ್ತದೆ.

ಈ ವ್ಯತ್ಯಾಸವು ಹೊಸದೇನಲ್ಲ. ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಶಾಲೆಗಳಿಗೆ ಸರ್ಕಾರದ ಅನುದಾನವನ್ನು ಪರೀಕ್ಷೆಯ ಫಲಕ್ಕೆ ಅನುಸಾರವಾಗಿ ಕೊಡುವ ಪದ್ಧತಿಯೊಂದು ಜಾರಿಯಲ್ಲಿತ್ತು. ಇಂಗ್ಲೆಂಡಿನಲ್ಲಿ 1862ರಲ್ಲಿ ಬಂದ ಕಾಯಿದೆಯ ಮರಿ ಅದು. ಇನ್‌ಸ್ಪೆಕ್ಟರು ಶಾಲೆಗೆ ಬಂದು, ಓದು, ಬರಹ, ಲೆಕ್ಕಗಳಲ್ಲಿ ಮಕ್ಕಳನ್ನು ಪರೀಕ್ಷಿಸಿ, ತೇರ್ಗಡೆಯಾದವರ ತಲೆ ಎಣಿಸಿ ಹಣ ಮಂಜೂರು ಮಾಡುವರು. ಶಿಕ್ಷಕನ ಅನ್ನವೇ ಆ ಎಣಿಕೆಯನ್ನು ಅವಲಂಬಿಸಿದ್ದುದರಿಂದ, ಇನ್‌ಸ್ಪೆಕ್ಟರು ಯಾವ ಪುಟವನ್ನು ಓದಿಸುವರೋ ಆ ಪುಟವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದರಲ್ಲಿ ವರ್ಷವೆಲ್ಲ ಕಳೆಯುವುದು ಸ್ವಾಭಾವಿಕವೇ ಆಗಿತ್ತು. ಆ ಪದ್ಧತಿ ಹೋಗಿ ನೂರು ವರ್ಷಗಳ ಮೇಲಾದರೂ ಅದರ ಪ್ರೇತವು ಹೋಗಿಲ್ಲವೆಂಬುದಕ್ಕೆ ಏಪ್ರಿಲ್–ಮೇ ತಿಂಗಳ ಪತ್ರಿಕೆಗಳೇ ಸಾಕ್ಷಿ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಜಿಲ್ಲೆ ಪ್ರಥಮ, ದಕ್ಷಿಣ ಕನ್ನಡ ದ್ವಿತೀಯ. 2025ರಲ್ಲಿ ದಕ್ಷಿಣ ಕನ್ನಡ ಪ್ರಥಮ, ಉಡುಪಿ ದ್ವಿತೀಯ. ಸಂತೋಷವೇ. ಆದರೆ ಈ ಸ್ಥಾನಮಾನವನ್ನು ಉಳಿಸಿಕೊಳ್ಳುವ ಆತಂಕದಲ್ಲಿ ಹತ್ತನೆಯ ತರಗತಿಗೆ ಸಾಯಂಕಾಲದ ವಿಶೇಷ ಪಾಠ, ರಾತ್ರಿ ಮನೆಮನೆಗೆ ಫೋನು, ಪಾಸಿಂಗ್ ಪ್ಯಾಕೇಜು ಎಂದು ಓಡಾಡುವ ಶಿಕ್ಷಣ ಇಲಾಖೆಯು, ಮೂರನೆಯ ತರಗತಿಯ ಆ ಕಳೆಯುವ ಲೆಕ್ಕದ ಮುಂದೆ ಅದರ ಹತ್ತರಲ್ಲೊಂದು ಪಾಲು ಹೊತ್ತು ನಿಂತರೆ ಸಾಯಂಕಾಲದ ಪಾಠಗಳ ಆವಶ್ಯಕತೆಯೇ ಬಹುಮಟ್ಟಿಗೆ ಕಡಮೆಯಾದೀತು.

ಇನ್‌ಸ್ಪೆಕ್ಟರರ ಸುದ್ದಿ ಬಂದಾಗ ಪಂಜೆ ಮಂಗೇಶರಾಯರನ್ನು ನೆನೆಯದಿರುವುದು ಸಾಧ್ಯವಿಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ವೃತ್ತಿಯನ್ನಾರಂಭಿಸಿ, ಬಳಿಕ ಶಾಲಾ ತನಿಖಾಧಿಕಾರಿಗಳಾಗಿ ಜಿಲ್ಲೆಯ ಹಳ್ಳಿಹಳ್ಳಿ ತಿರುಗಿ, ಕೊನೆಗೆ ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಅವರು, ತರಗತಿ, ತಪಾಸಣೆ, ಆಡಳಿತ ಈ ಮೂರನ್ನೂ ಒಂದೇ ಜೀವಮಾನದಲ್ಲಿ ಕಂಡವರು. ಸಾಮಾನ್ಯವಾಗಿ ತನಿಖೆಗೆ ಹೊರಟ ಅಧಿಕಾರಿಯು ಶಾಲೆಗಳಲ್ಲಿ ಇರತಕ್ಕ ನ್ಯೂನತೆಗಳ ಪಟ್ಟಿಯೊಂದಿಗೆ ಹಿಂದಿರುಗುತ್ತಾನೆ. ಪಂಜೆಯವರು ಆ ಶಾಲೆಗಳಿಗೆ ಏನು ಬೇಕೆಂಬುದನ್ನು ಕಂಡುಕೊಂಡು ಹಿಂದಿರುಗಿದರು. ಮಕ್ಕಳ ಕೈಯಲ್ಲಿ ಇದ್ದ ಪುಸ್ತಕಗಳು ಮಕ್ಕಳಿಗಾಗಿ ಬರೆದವಲ್ಲವೆಂಬುದು ಅವರಿಗೆ ತಿಳಿದಿತ್ತು. ಹಾಗೆಂದು ವರದಿ ಬರೆದು ಸುಮ್ಮನಾಗದೆ, ತಾವೇ ಕಥೆಗಳನ್ನೂ ಹಾಡುಗಳನ್ನೂ ಬರೆದರು. ಬಾಸೆಲ್ ಮಿಶನ್ ಮುದ್ರಣಾಲಯದ ಪಠ್ಯಪುಸ್ತಕಗಳಿಗೆ ದುಡಿದರು. ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು.

ಅವರ ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯನ್ನೇ ನೋಡಿ. ಬಿಸಿಲಿಗೆ ಹರವಿದ ಸಿಗಡಿ ಒಣಗದಿರುವುದಕ್ಕೆ ಕಾರಣವನ್ನು ಕೇಳುತ್ತ ಹೋದಂತೆ, ಒಂದರ ತಪ್ಪು ಮತ್ತೊಂದರ ಹೆಗಲಿಗೆ, ಅದರ ತಪ್ಪು ಇನ್ನೊಂದರ ಹೆಗಲಿಗೆ ಸರಿಯುತ್ತ, ಪ್ರಶ್ನೆಗಳ ಸರಪಣಿಯೊಂದು ಬೆಳೆಯುತ್ತದೆ. ಮೀನಿನ ವಾಸನೆಯೂ ಚಾಪೆಯ ಮೇಲೆ ಒಣಹಾಕಿದ ಸಿಗಡಿಯ ಕಾವಲೂ ಅಪರಿಚಿತವಲ್ಲದ ಕರಾವಳಿಯ ಮಗುವಿಗೆ ಆ ಕಥೆಯು ತನ್ನ ಮನೆಯಂಗಳದಿಂದಲೇ ಆರಂಭವಾಗುತ್ತದೆ. ಒಂದೇ ವಾಕ್ಯರಚನೆ ಮತ್ತೆ ಮತ್ತೆ ಬರುವುದರಿಂದ ಕನ್ನಡವು ಮನೆಮಾತಲ್ಲದವನೂ ನಾಲ್ಕನೆಯ ಆವೃತ್ತಿಯ ಹೊತ್ತಿಗೆ ಧ್ವನಿಗೂಡಿಸುತ್ತಾನೆ. ಇದು ಕೇವಲ ಸಾಹಿತ್ಯದ ಚಾತುರ್ಯವಲ್ಲ, ಬಹುಕಾಲ ತರಗತಿಯಲ್ಲಿ ನಿಂತು ಮಕ್ಕಳ ಮುಖವನ್ನು ನೋಡಿದವನ ಉಪಾಯ. ಮಕ್ಕಳಿಗೆ ತಕ್ಕ ಪುಸ್ತಕವಿಲ್ಲದಿದ್ದರೆ ಮಕ್ಕಳು ಓದುವುದಿಲ್ಲವೆಂದು ದೂರುವ ಹಕ್ಕು ಯಾರಿಗಿದೆ?

ಮನೆಮಾತಿನ ಪ್ರಸ್ತಾಪ ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಮಂಗಳೂರಿನ ಒಂದು ಕನ್ನಡ ಶಾಲೆಯ ಒಂದನೆಯ ತರಗತಿಯಲ್ಲಿ ಕುಳಿತಿರುವ ಮಕ್ಕಳಲ್ಲಿ ಒಬ್ಬಳಿಗೆ ತುಳು, ಅವಳ ಪಕ್ಕದವನಿಗೆ ಬ್ಯಾರಿ, ಹಿಂದಿನ ಬೆಂಚಿನವಳಿಗೆ ಕೊಂಕಣಿ, ಇನ್ನೊಬ್ಬಳಿಗೆ ಹವ್ಯಕರ ಕನ್ನಡ. ಈಗೀಗ ಇವರ ಸಂಗಡ, ಕಟ್ಟಡದ ಕೆಲಸಕ್ಕೆಂದು ಬಂದ ಉತ್ತರ ಕರ್ನಾಟಕದ ಕುಟುಂಬದ ಮಗುವೊಂದು, ಹಿಂದಿಯನ್ನಾಡುವ ಮಗುವೊಂದು. ಪಠ್ಯಪುಸ್ತಕದ ಕನ್ನಡವು ಇವರಲ್ಲಿ ಯಾರೊಬ್ಬರ ಅಡುಗೆಮನೆಯ ಮಾತೂ ಅಲ್ಲ. ಕೊಂಕಣಿಯಲ್ಲಿ ಚಿಕ್ಕ ಹುಡುಗಿಯರನ್ನು ನಪುಂಸಕ ಲಿಂಗದಲ್ಲಿ ಹೇಳುವುದುಂಟು. ಇಲ್ಲಿಯ ಹವ್ಯಕರ ಮಾತಿನಲ್ಲಿ ಅಕ್ಕನೂ ಅಮ್ಮನೂ ‘ಬಂತು’. ಆದುದರಿಂದ ‘ಅಕ್ಕ ಬಂತು’ ಎಂದು ಮಗು ಬರೆದರೆ ಅದು ಅಜ್ಞಾನವಲ್ಲ, ಮನೆಯ ವ್ಯಾಕರಣವನ್ನು ಶಾಲೆಯ ವಾಕ್ಯಕ್ಕೆ ಅಳವಡಿಸಿದ್ದಷ್ಟೆ. ಬೇರೆ ಊರಿನಿಂದ ವರ್ಗವಾಗಿ ಬಂದ ಶಿಕ್ಷಕರು ಮೊದಲ ವರ್ಷ ಇದಕ್ಕೆ ನಗುತ್ತಾರೆ ಅಥವಾ ಗದರಿಸುತ್ತಾರೆ. ಎರಡಕ್ಕೂ ಪರಿಣಾಮವೊಂದೇ: ಮಗು ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಮಗುವಿಗೆ ಭಾಷೆ ಕಲಿಸಿದವರನ್ನು ಯಾರೂ ಕಂಡಿಲ್ಲ. ನುರಿತ ಶಿಕ್ಷಕಿ, “ನಿಮ್ಮ ಮನೆಯಲ್ಲಿ ಹಾಗೆ ಹೇಳುವುದಲ್ಲವಾ? ಪುಸ್ತಕದಲ್ಲಿ ಹೀಗೆ ಬರೆಯುವುದು” ಎಂದು ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ಮುಂದೆ ಹೋಗುತ್ತಾಳೆ. ತನ್ನ ಮನೆಮಾತಿಗೆ ಹಲಗೆಯ ಮೇಲೆ ಸ್ಥಾನ ದೊರೆತ ಮಗುವು ಶಾಲೆಯ ಮಾತನ್ನು ವೈರಿಯೆಂದು ಎಣಿಸುವುದಿಲ್ಲ.

ಉಚ್ಚ ಶಿಕ್ಷಣದಲ್ಲಿಯೂ ಈ ತತ್ತ್ವವೇ ಫಲಿಸಿದ್ದನ್ನು ಮಂಗಳೂರು ಕಂಡಿದೆ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವು ಇಲ್ಲಿ ತೊಡಗಿದಾಗ ಅದರ ಕನ್ನಡ ವಿಭಾಗವನ್ನು ಕಟ್ಟಲು ಬಂದ ಎಸ್.ವಿ. ಪರಮೇಶ್ವರ ಭಟ್ಟರು ಕಾಳಿದಾಸನನ್ನು ಕನ್ನಡಕ್ಕೆ ತಂದ ಪಂಡಿತರು, ಮಲೆನಾಡಿನ ಕಡೆಯವರು, ತುಳುನಾಡಿಗೆ ಹೊಸಬರು. ಅವರು ಊರೂರಿಗೆ ಹೋಗಿ ಉಪನ್ಯಾಸ ಮಾಡಿದರು, ಮಾಡಿಸಿದರು; ಊರಿನವರನ್ನು ವಿಭಾಗದೊಳಕ್ಕೆ ಕರೆದರು. ಆ ವಿಭಾಗದ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರಾದ ಬಿ.ಎ. ವಿವೇಕ ರೈಯವರು ತುಳು ಜನಪದ ಸಾಹಿತ್ಯವನ್ನೇ ಸಂಶೋಧನೆಗೆ ಆರಿಸಿಕೊಂಡು, ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾದರು. ಕನ್ನಡದ ವಿಭಾಗದಲ್ಲಿ ತುಳುವಿಗೆ ಮಣೆ ಹಾಕಿದ್ದರಿಂದ ಕನ್ನಡಕ್ಕೆ ನಷ್ಟವಾಗಲಿಲ್ಲ. ಗಡಿಯಾಚೆಯ ಕಾಸರಗೋಡಿನ ಪೆರಡಾಲದ ಹೈಸ್ಕೂಲಿನಲ್ಲಿ ದಶಕಗಳ ಕಾಲ ಕನ್ನಡ ಪಾಠ ಹೇಳಿದ ಕಯ್ಯಾರ ಕಿಞ್ಞಣ್ಣ ರೈಗಳೂ ಮನೆಯಲ್ಲಿ ತುಳುವರೇ. 1969ರಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ಆ ಶಿಕ್ಷಕರು ಎರಡೂ ಭಾಷೆಗಳಲ್ಲಿ ಕವಿತೆ ಬರೆದರು.

ಪ್ರಶ್ನೆ ಕೇಳುವುದರಲ್ಲಿಯೂ ಅನುಭವದಿಂದಲೇ ಬರುವ ಒಂದು ಸಂಯಮವುಂಟು. ಮೇರಿ ಬಡ್ ರೋ ಎಂಬ ಅಮೆರಿಕದ ವಿದುಷಿಯು ವಿಜ್ಞಾನದ ತರಗತಿಗಳ ಧ್ವನಿಮುದ್ರಿಕೆಗಳನ್ನು ಕೇಳಿ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದು ಸೆಕೆಂಡು ಮಾತ್ರವೆಂದೂ, ಅದನ್ನು ಮೂರು ಸೆಕೆಂಡುಗಳಿಗೆ ಏರಿಸಿದಲ್ಲಿ ಮಕ್ಕಳ ಉತ್ತರಗಳು ದೀರ್ಘವಾಗುವುದಲ್ಲದೆ, ಎಂದೂ ಬಾಯಿ ಬಿಡದವರೂ ಮಾತಾಡತೊಡಗುವರೆಂದೂ ತೋರಿಸಿದಳು. ಮೂರು ಸೆಕೆಂಡೆಂದರೆ ಅಲ್ಪವೆಂದು ಓದುಗರಿಗೆ ತೋರಬಹುದು. ಮಕ್ಕಳು ತುಂಬಿದ ಕೋಣೆಯಲ್ಲಿ ಪ್ರಶ್ನೆಯೊಂದನ್ನು ಕೇಳಿ, ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿ ಹಾರುತ್ತಿರುವಾಗ, ಹಿಂದಿನ ಬೆಂಚಿನ ಹುಡುಗನ ತುಟಿ ಅಲುಗುವವರೆಗೆ ಮೌನವಾಗಿ ನಿಂತು ನೋಡಿದವರಿಗೇ ಅದು ಎಷ್ಟು ದೀರ್ಘವೆಂಬುದು ಗೊತ್ತು. ಕನ್ನಡದ ಪ್ರಶ್ನೆಯನ್ನು ತುಳುವಿನಲ್ಲಿ ಅರ್ಥಮಾಡಿಕೊಂಡು, ಉತ್ತರವನ್ನು ಮತ್ತೆ ಕನ್ನಡಕ್ಕೆ ತಿರುಗಿಸಬೇಕಾದ ಮಗುವಿಗೆ ಆ ಎರಡು ಹೆಚ್ಚಿನ ಸೆಕೆಂಡುಗಳೇ ಶಿಕ್ಷಣ. ಹೊಸ ಶಿಕ್ಷಕರಿಗೆ ತರಗತಿಯ ಮೌನವು ತಮ್ಮ ಸೋಲೆಂಬ ಭಯ. ಹಳಬರಿಗೆ ಆ ಭಯ ಬಿಟ್ಟುಹೋಗಿರುತ್ತದೆ.

ಇಷ್ಟೆಲ್ಲ ಹೇಳಿದ್ದು ತರಗತಿಗೆ ಬಂದು ಕುಳಿತ ಮಗುವಿನ ವಿಚಾರ. ಬಾರದಿರುವ ಮಗುವಿನ ವಿಚಾರವಾಗಿ ಈ ಊರಿಗೆ ಪಾಠ ಹೇಳಿದವರು ಕುದ್ಮುಲ್ ರಂಗರಾಯರು. 1859ರಲ್ಲಿ ಕಾಸರಗೋಡು ತಾಲೂಕಿನ ಕುದ್ಮುಲಿನಲ್ಲಿ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮಂಗಳೂರಿಗೆ ಬಂದು ಶಿಕ್ಷಕರಾಗಿದ್ದು, ಆಮೇಲೆ ವಕೀಲರಾದ ಅವರು, ಅಸ್ಪೃಶ್ಯರೆಂದು ಹೊರಗಿಟ್ಟ ಮಕ್ಕಳಿಗಾಗಿ 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ಶಾಲೆಯನ್ನು ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆ ಮಕ್ಕಳಿಗೆ ಪಾಠ ಹೇಳಲೊಪ್ಪುವ ಶಿಕ್ಷಕರು ಸಿಕ್ಕುವುದೇ ದುರ್ಲಭವಾಗಿದ್ದ ಕಾಲವದು. ಸ್ವಜಾತಿಯವರ ಬಹಿಷ್ಕಾರವನ್ನೂ ಅವರು ಎದುರಿಸಬೇಕಾಯಿತು. ಶಾಲೆ ತೆರೆದರೆ ಸಾಕು, ಬರುವುದೂ ಬಿಡುವುದೂ ಅವರವರ ಪುಣ್ಯ ಎಂದು ಅವರು ಕೈತೊಳೆದುಕೊಳ್ಳಲಿಲ್ಲ. ಮಗುವು ಏಕೆ ಬರುತ್ತಿಲ್ಲ? ಹಸಿವು, ಆದ್ದರಿಂದ ಮಧ್ಯಾಹ್ನದ ಊಟ. ಮಗುವಿನ ದುಡಿಮೆಯ ಕಾಸು ತಪ್ಪುತ್ತದೆಂಬ ತಂದೆತಾಯಿಗಳ ಕಷ್ಟ. ಆದ್ದರಿಂದ ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ. ಓದಿ ಮುಂದೇನು ಎಂಬ ಪ್ರಶ್ನೆ; ಆದ್ದರಿಂದ ನೇಯ್ಗೆ ಮೊದಲಾದ ಕಸುಬುಗಳ ತರಬೇತು. ರಾಜ್ಯದ ಸರ್ಕಾರವು ಅಕ್ಷರ ದಾಸೋಹದ ಬಿಸಿಯೂಟವನ್ನು ಆರಂಭಿಸಿದ್ದು 2002ರಲ್ಲಿ. ಶತಮಾನದ ಅಂತರದಲ್ಲಿ ಒಬ್ಬ ವಕೀಲರ ಅಂದಾಜು ಸರಿಯೆಂದು ಸರ್ಕಾರವು ಒಪ್ಪಿಕೊಂಡಂತಾಯಿತು. ಊರಿನ ಪುರಭವನಕ್ಕೆ ಇಂದು ಅವರ ಹೆಸರಿದೆ. ಅಲ್ಲಿ ನೃತ್ಯ ನಾಟಕಗಳನ್ನು ನೋಡಲು ಹೋಗುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿಂದಿರುವ ಹಾಜರಿಪುಸ್ತಕದ ನೆನಪುಂಟೋ ತಿಳಿಯದು.

ಶಾಲೆಯ ನಾಯಕತ್ವವೆಂದು ಈಗ ತರಬೇತಿ ಶಿಬಿರಗಳಲ್ಲಿ ಬಹಳ ಗಂಭೀರವಾಗಿ ಚರ್ಚೆಯಾಗುವ ವಿಷಯದ ಸಾರವು ನನಗೆ ರಂಗರಾಯರ ಈ ಕ್ರಮದಲ್ಲಿಯೇ ಕಾಣುತ್ತದೆ. ಮಗುವಿಗೂ ಪಾಠಕ್ಕೂ ನಡುವೆ ಬಿದ್ದಿರುವ ಅಡ್ಡಿ ಯಾವುದೆಂದು ಹುಡುಕಿ, ಅದನ್ನು ಎತ್ತಿ ಪಕ್ಕಕ್ಕಿಡುವುದು. ಮಾರನೆಯ ದಿನ ಬೇರೊಂದು ಬಿದ್ದಿದ್ದರೆ ಅದನ್ನೂ ಎತ್ತುವುದು. ಇದಕ್ಕೆ ಈ ಕಾಲದ ನಿದರ್ಶನ ಮಂಗಳೂರಿನ ಸಮೀಪದ ನ್ಯೂಪಡ್ಪುವಿನ ಹರೇಕಳ ಹಾಜಬ್ಬನವರು; ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಂಗಳೂರಿನ ಬೀದಿಯಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಇಟ್ಟುಕೊಂಡು ಮಾರುತ್ತಿದ್ದಾಗ, ವಿದೇಶೀಯರೊಬ್ಬರು ಇಂಗ್ಲಿಷಿನಲ್ಲಿ ಬೆಲೆ ಕೇಳಿದ್ದು ತನಗೆ ತಿಳಿಯಲಿಲ್ಲವೆಂಬ ಸಂಕಟದಿಂದ, ತನ್ನೂರಿನ ಮಕ್ಕಳಿಗೆ ಆ ಗತಿ ಬರಬಾರದೆಂದು ನಿಶ್ಚಯಿಸಿ, ಮಾರಾಟದ ಹಣವನ್ನು ಕೂಡಿಟ್ಟು, ಕಚೇರಿಯಿಂದ ಕಚೇರಿಗೆ ಅಲೆದು, ಸರ್ಕಾರಿ ಶಾಲೆಯೊಂದನ್ನು ಊರಿಗೆ ತಂದರು. ಇಪ್ಪತ್ತೆಂಟು ಮಕ್ಕಳಿಂದ ಆರಂಭವಾದ ಆ ಶಾಲೆಯು ಮುಂದೆ ಹತ್ತನೆಯ ತರಗತಿಯವರೆಗೂ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ನಡೆದುಹೋಗಿ ರಾಷ್ಟ್ರಪತಿಗಳಿಂದ ಸ್ವೀಕರಿಸಿದರು. ಆ ಚಿತ್ರವನ್ನು ದೇಶವೆಲ್ಲ ನೋಡಿತು. ಶಾಲೆಯಾದ ಮೇಲೆಯೂ ಅಲ್ಲಿನ ಕಸ ಗುಡಿಸಿ, ಮಕ್ಕಳಿಗೆ ಕುಡಿಯುವ ನೀರು ಕಾಯಿಸಿಟ್ಟು ಪೇಟೆಗೆ ಹೊರಡುತ್ತಿದ್ದರೆಂಬುದನ್ನು ಅಷ್ಟು ಜನ ಗಮನಿಸಿರಲಾರರು. ಆಡಳಿತದ ದೃಷ್ಟಿಯಿಂದ ನೋಡಿದರೆ ಅದು ಪ್ರಶಸ್ತಿಗಿಂತ ಹೆಚ್ಚಿನ ವಿಷಯ.

ಕೆನೆತ್ ಲೀತ್‌ವುಡ್ ಎಂಬ ಕೆನಡಾದ ವಿದ್ವಾಂಸರೂ ಅವರ ಸಂಗಡಿಗರೂ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಮಕ್ಕಳ ಕಲಿಕೆಯ ಮೇಲೆ ಪ್ರಭಾವ ಬೀರತಕ್ಕ ಶಾಲೆಯೊಳಗಿನ ಅಂಶಗಳಲ್ಲಿ ತರಗತಿಯ ಬೋಧನೆಯು ಮೊದಲನೆಯದೆಂದೂ ಮುಖ್ಯಸ್ಥರ ನಾಯಕತ್ವವು ಎರಡನೆಯದೆಂದೂ ನಿರ್ಣಯಿಸಿದ್ದಾರೆ. ಈ ನಿರ್ಣಯವನ್ನು ಓದಿ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರೊಬ್ಬರ ದಿನಚರಿಯನ್ನು ನೋಡಿದವರಿಗೆ ನಗು ಬರುತ್ತದೆ. ಬೆಳಗ್ಗೆ ಪ್ರಾರ್ಥನೆಯಾಗುವ ಮೊದಲೇ ಬಿಸಿಯೂಟದ ಅಕ್ಕಿ ಬೇಳೆಯ ತೂಕ, ಹಾಲಿನ ಹುಡಿಯ ದಾಸ್ತಾನು, ಮೊಟ್ಟೆಯ ಬಿಲ್ಲು, ಸಿಲಿಂಡರ್ ಬಂದಿಲ್ಲವೆಂದು ಅಡುಗೆಯವರ ತಕರಾರು. ಇಷ್ಟು ಮುಗಿಯುವಷ್ಟರಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯಿಂದ ವಾಟ್ಸ್‌ಆ್ಯಪಿನಲ್ಲಿ, ಇಂದು ಮೂರು ಗಂಟೆಯೊಳಗೆ ಇಂಥ ಮಾಹಿತಿಯನ್ನು ನಿಗದಿತ ನಮೂನೆಯಲ್ಲಿ ಕಳುಹಿಸತಕ್ಕದ್ದೆಂದು ಅಪ್ಪಣೆ. ಆ ಮಾಹಿತಿಯು ಕಳೆದ ತಿಂಗಳು ವಿದ್ಯಾರ್ಥಿಗಳ ದಾಖಲೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ತುಂಬಿಸಿದ್ದೇ. ಆದರೂ ಮತ್ತೊಮ್ಮೆ ಬೇಕು. ಒಬ್ಬ ಶಿಕ್ಷಕರು ತರಬೇತಿಗೆ, ಇನ್ನೊಬ್ಬರು ಮತದಾರರ ಪಟ್ಟಿಯ ಕೆಲಸಕ್ಕೆ. ಅತಿಥಿ ಶಿಕ್ಷಕಿಯ ಗೌರವಧನ ಬಂದಿಲ್ಲ. ಮಧ್ಯಾಹ್ನದ ಬಳಿಕ ಗ್ರಾಮ ಪಂಚಾಯತಿಗೆ ಹೋಗಿ ಪಾಯಖಾನೆಯ ರಿಪೇರಿಗೆ ಅರ್ಜಿ. ಇದರ ನಡುವೆ ಆ ಪುಣ್ಯಾತ್ಮನು ಏಳನೆಯ ತರಗತಿಗೆ ಸಮಾಜ ವಿಜ್ಞಾನವನ್ನೂ ಹೇಳಬೇಕು.

ಈ ಪ್ರವಾಹದಲ್ಲಿ ತೇಲಿಹೋಗದೆ ಕಾಲೂರಿ ನಿಂತ ಮುಖ್ಯೋಪಾಧ್ಯಾಯರು ಇಲ್ಲದಿಲ್ಲ. ಅವರು ಏನು ಮಾಡುತ್ತಾರೆಂದು ನೋಡಿದರೆ, ಒಂದಿಷ್ಟು ಸಾಮ್ಯ ಕಾಣುತ್ತದೆ. ಶಾಲೆಯಲ್ಲಿ ಯಾರು ಅತ್ಯಂತ ಸಮರ್ಥ ಶಿಕ್ಷಕರೋ ಅವರನ್ನು ಒಂದನೆಯ ತರಗತಿಗೆ ಹಾಕುತ್ತಾರೆ. ಲೋಕರೂಢಿಯು ಇದಕ್ಕೆ ನೇರವಾಗಿ ವಿರುದ್ಧ: ಹೊಸಬರು, ಅಶಕ್ತರು, ನಿವೃತ್ತಿಗೆ ಹತ್ತಿರವಾದವರು ಚಿಕ್ಕ ಮಕ್ಕಳಿಗೆ, ಪ್ರವೀಣರು ಪಬ್ಲಿಕ್ ಪರೀಕ್ಷೆಯವರಿಗೆ. ಅಡಿಪಾಯಕ್ಕೆ ಕಲಿಯುವ ಕೆಲಸದಾಳನ್ನೂ ಮುಚ್ಚಿಗೆಗೆ ಮೇಸ್ತ್ರಿಯನ್ನೂ ಕರೆಯುವ ಮನೆಯೊಡೆಯನು ಎಲ್ಲಿಯೂ ಇಲ್ಲ, ಶಾಲೆಯಲ್ಲಿ ಮಾತ್ರ ಇದ್ದಾನೆ. ಎರಡನೆಯದಾಗಿ, ಅವರು ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆ, ಕೈಯಲ್ಲಿ ನೋಟುಬುಕ್ಕಿಲ್ಲದೆ. ಹೆಡ್‌ಮಾಸ್ತರರು ಬರೆದುಕೊಳ್ಳತೊಡಗಿದರೆಂದರೆ ಶಿಕ್ಷಕರು ಮಕ್ಕಳಿಗೆ ಪಾಠ ಮಾಡುವುದನ್ನು ಬಿಟ್ಟು ಹೆಡ್‌ಮಾಸ್ತರರಿಗೆ ಪಾಠ ಮಾಡತೊಡಗುತ್ತಾರೆ. ಹತ್ತು ಹದಿನೈದು ನಿಮಿಷ ಕುಳಿತು, ಪಕ್ಕದ ಮಗುವಿನ ಪುಸ್ತಕವನ್ನು ತಿರುವಿ ನೋಡಿ, ಎದ್ದು ಬಂದು, ಸಾಯಂಕಾಲ ಚಹಾ ಕುಡಿಯುವಾಗ, “ಆ ಮೂರನೇ ಬೆಂಚಿನ ಹುಡುಗ ಗುಣಾಕಾರ ಒಂದು ಬೇರೆಯೇ ರೀತಿಯಲ್ಲಿ ಮಾಡುತ್ತಾನೆ, ನೋಡಿದ್ದೀರಾ?” ಎಂದು ಕೇಳಿದರಾಯಿತು. ದೂರು ಶಿಕ್ಷಕರ ಮೇಲೆ ಬೀಳಲಿಲ್ಲ; ಕುತೂಹಲ ಹುಡುಗನ ಮೇಲೆ ಬಿತ್ತು. ನಾಳೆ ಆ ಶಿಕ್ಷಕರು ತಾವಾಗಿಯೇ ಆ ಬೆಂಚಿನ ಬಳಿ ನಿಲ್ಲುತ್ತಾರೆ. ಬೈದು ತಿದ್ದಿದ ಶಿಕ್ಷಕರು ಅಧಿಕಾರಿ ಬಂದಾಗ ಮಾತ್ರ ತಿದ್ದಿಕೊಂಡಿರುತ್ತಾರೆ.

ಸಮಯದ ವಿಷಯದಲ್ಲಿ ಇಂಥ ಮುಖ್ಯೋಪಾಧ್ಯಾಯರು ಜಿಪುಣರೆಂದೇ ಹೇಳಬೇಕು. ಶಿಕ್ಷಣದ ಹಕ್ಕಿನ ಕಾಯಿದೆಯು ಐದನೆಯ ತರಗತಿಯವರೆಗೆ ವರ್ಷಕ್ಕೆ ಇನ್ನೂರು ದಿನ, ಆರರಿಂದ ಎಂಟರವರೆಗೆ ಇನ್ನೂರ ಇಪ್ಪತ್ತು ದಿನ ಶಾಲೆ ನಡೆಯಬೇಕೆಂದು ವಿಧಿಸಿದೆ. ನಮ್ಮ ಜಿಲ್ಲೆಯಲ್ಲಾದರೋ ಜೂನ್ ಜುಲೈಗಳಲ್ಲಿ ರೆಡ್ ಅಲರ್ಟ್ ಬಂದೊಡನೆ ಜಿಲ್ಲಾಧಿಕಾರಿಗಳು ರಜೆ ಸಾರುತ್ತಾರೆ; ಹೊಳೆಯೂ ತೋಡೂ ತುಂಬಿ ಹರಿಯುವಾಗ ಅದು ನ್ಯಾಯವೇ. ಹಾಗೆ ಹೋದ ದಿನಗಳನ್ನು ಶನಿವಾರದ ಮಧ್ಯಾಹ್ನಗಳಲ್ಲಿ ತುಂಬಿಕೊಡಬೇಕೆಂದು ಸುತ್ತೋಲೆ ಹೊರಡುತ್ತದೆ, ರಿಜಿಸ್ಟರಿನಲ್ಲಿ ದಿನಗಳು ತುಂಬುತ್ತವೆ. ಆದರೆ ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಜಯಂತಿಗಳು, ಜಾಥಾಗಳು, ಗಣ್ಯರ ಆಗಮನ ಇವುಗಳಲ್ಲಿ ಅರ್ಧರ್ಧ ಗಂಟೆಯಾಗಿ ಸೋರಿಹೋಗುವ ಹೊತ್ತಿಗೆ ಯಾವ ರಿಜಿಸ್ಟರೂ ಇಲ್ಲ. ಮಕ್ಕಳು ಕುಣಿಯಬಾರದು, ಓಡಬಾರದು ಎಂದು ನನ್ನ ವಾದವಲ್ಲ. ಗಣ್ಯರು ಬರುವರೆಂದು ಮಕ್ಕಳನ್ನು ಎರಡು ಗಂಟೆ ಬಿಸಿಲಲ್ಲಿ ಸಾಲಾಗಿ ಕೂರಿಸುವುದಕ್ಕೆ ಒಪ್ಪದ ಹೆಡ್‌ಮಿಸ್ಟ್ರೆಸ್ಸರು ನಮ್ಮಲ್ಲಿ ಹೆಚ್ಚಾಗಬೇಕೆಂದಷ್ಟೇ ಹೇಳುತ್ತಿದ್ದೇನೆ. ಇಲ್ಲವೆನ್ನುವ ಧೈರ್ಯವು ಶಾಲೆಯ ಮುಖ್ಯಸ್ಥರಿಗೆ ಇರಬೇಕಾದ ಅರ್ಹತೆಗಳಲ್ಲಿ ಇನ್ನೂ ಸೇರಿಲ್ಲ; ನೇಮಕಾತಿಯ ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳೂ ಇಲ್ಲ.

ಖಾಸಗಿ ಶಾಲೆಗಳ ವಿಚಾರವನ್ನು ಬೇರೆಯಾಗಿ ಹೇಳಬೇಕಾದದ್ದಿಲ್ಲ. ಅಲ್ಲಿ ಮೊಟ್ಟೆಯ ಬಿಲ್ಲಿನ ಸ್ಥಾನದಲ್ಲಿ ದಾಖಲಾತಿಯ ಗುರಿ, ಬಿಇಒ ಸ್ಥಾನದಲ್ಲಿ ಆಡಳಿತ ಮಂಡಳಿ; ಪ್ರಿನ್ಸಿಪಾಲರ ಹೊತ್ತು ಅಲ್ಲಿಯೂ ತರಗತಿಯ ಹೊರಗೇ ಕಳೆಯುತ್ತದೆ. ಕಟ್ಟಡ ಎತ್ತರವಾದಷ್ಟೂ ಅವರ ಕೋಣೆಗೂ ಒಂದನೆಯ ತರಗತಿಗೂ ಅಂತರ ಹೆಚ್ಚುತ್ತದೆ.

ಸರ್ಕಾರಿ ಶಾಲೆಗಳಲ್ಲಿ ತಂದೆತಾಯಿಗಳೇ ಸದಸ್ಯರಾಗಿರುವ ಎಸ್‌ಡಿಎಂಸಿ ಇದೆ; ಖಾಸಗಿ ಶಾಲೆಗಳಲ್ಲಿ ಪೋಷಕರ ಸಭೆಗಳಿವೆ. ಮುಂದಿನ ಸಭೆಗೆ ಹೋಗತಕ್ಕ ಓದುಗರಲ್ಲಿ ನನ್ನದೊಂದು ವಿನಂತಿ. ಕಾಂಪೌಂಡು ಗೋಡೆ, ಸಮವಸ್ತ್ರದ ಬಣ್ಣ, ಶೇಕಡಾವಾರು ಫಲಿತಾಂಶ ಇವುಗಳ ಚರ್ಚೆ ಮುಗಿದ ಮೇಲೆ, ಮುಖ್ಯೋಪಾಧ್ಯಾಯರನ್ನು ಗೌರವಪೂರ್ವಕವಾಗಿ ಕೇಳಿರಿ: ಕಳೆದ ವಾರ ತಾವು ಯಾವ ಯಾವ ತರಗತಿಗಳಲ್ಲಿ ಎಷ್ಟು ಹೊತ್ತು ಕುಳಿತಿದ್ದಿರಿ? ಕುಳಿತಿರಲಿಲ್ಲವೆಂದು ಅವರು ಹೇಳಿದರೆ ಅವರ ಮೇಲೆ ಸಿಟ್ಟಾಗಬೇಡಿರಿ. ಆ ಹೊತ್ತನ್ನು ಯಾರು ಕಸಿದುಕೊಂಡರೆಂದು ಪಟ್ಟಿ ಮಾಡಿಸಿ, ಸಭೆಯ ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯನ್ನು ಬಿಇಒ ಕಚೇರಿಗೂ ಆಡಳಿತ ಮಂಡಳಿಗೂ ನೀವೇ ಕೊಂಡುಹೋಗಿ ಕೊಟ್ಟುಬನ್ನಿರಿ.